ಮಾಳಿಗೆ ಮೇಲಿನ ಗಗನಪಿತ

ಬಕ್ಕಪ್ಪನಿಗೆ ಹುಟ್ಟಿನಿಂದಲೂ ಅಂಜಿಕೆ ಜಾಸ್ತಿ. ಹಲ್ಲಿ ಲೊಚಗುಟ್ಟಿದರೆ ಅಂಜಿಕೆ. ಲೊಚಗುಟ್ಟದೆ ಸುಮ್ಮನೆ ನೋಡಿದರೆ ಇನ್ನೂ ಅಂಜಿಕೆ. ಜಹೀರಾಬಾದ್ ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೂತು, ನಾರಾಯಣಖೇಡದ ಬಸ್ಸು ಯಾವುದು, ತಾಂಡೂರಿನ ಬಸ್ಸು ಯಾವುದು ಎಂದು ಮೂರು ಭಾಷೆಗಳಲ್ಲಿ ಮೈಕಿನಲ್ಲಿ ಸಾರುವುದು ಅವನ ಉದ್ಯೋಗ. (ಕಿಟಕಿಗೆ ಕಬ್ಬಿಣದ ಸರಳುಗಳಿದ್ದವು. ಆದ್ದರಿಂದ ಅಲ್ಲಿ ಮಾತ್ರ ಅವನದು ಸಿಂಹಧ್ವನಿ.)

ಊರಲ್ಲಿ ಆಗಿನ್ನೂ ಟಿ.ವಿ.ಗಳು ಬೆರಳೆಣಿಕೆಯಷ್ಟು. ಅವರ ಓಣಿಗೆಲ್ಲ ಇದ್ದದ್ದು ಎದುರುಮನೆಯ ಧರ್ಮಣ್ಣನದೊಂದೇ. ಆ ಆಯಿತವಾರ ಬೆಳಿಗ್ಗೆ 'ಗಗನ್ ಪಿತಾ' ಎಂಬ ಹೊಸ ಧಾರಾವಾಹಿ ಶುರುವಾಗುವುದಿತ್ತು. ಆಕಾಶದಲ್ಲಿ ಹಾರುವ ಅಪ್ಪನ ಕಥೆಯಂತೆ. ಓಣಿಗೆ ಓಣಿಯೇ ಧರ್ಮಣ್ಣನ ಪಡಸಾಲೆಯಲ್ಲಿ ಕೂತಿತು. ದಖನಿ ಉರ್ದು ಎಲ್ಲರಿಗೂ ಬರುತ್ತಿತ್ತು, ಆದರೆ ಟಿ.ವಿ.ಯ ಹಿಂದಿ ಇಸ್ತ್ರಿ ಮಾಡಿದಂಥ ಹಿಂದಿ, ಯಾರಿಗೂ ಬಗ್ಗಲಿಲ್ಲ. ಹೀಗಾಗಿ ಕನ್ನಡದಲ್ಲಿ ಹೇಳುವ ಹೊಣೆ ಮೂರು ಭಾಷೆ ಬಲ್ಲ ಬಕ್ಕಪ್ಪನ ಹೆಗಲಿಗೆ ಬಿತ್ತು.

ಕಥೆ ಇಷ್ಟು: ಅಂಚೆ ಕಚೇರಿಯ ಗುಮಾಸ್ತನೊಬ್ಬನಿಗೆ ಸಿಡಿಲು ಬಡಿದು ಹಾರುವ ಶಕ್ತಿ ಬರುತ್ತದೆ. ಗುಟ್ಟು ಹೊರಬಿದ್ದರೆ ಸಂಸಾರಕ್ಕೆ ಅಪಾಯ. ಮಗಳು ಎಷ್ಟು ಕೇಳಿದರೂ, "ನಾ ಸಾದಾ ಮನಷ್ಯ, ನನ್ನ ಕಡೆ ಯಾವ ಶಕ್ತಿನೂ ಇಲ್ಲ" ಎನ್ನುತ್ತಾನೆ. (ಇದನ್ನು ಬಕ್ಕಪ್ಪ ಕಣ್ಣು ಒದ್ದೆ ಮಾಡಿಕೊಂಡು ಹೇಳಿದ.) ಕೊನೆಗೆ ಆ ಹುಡುಗಿ ಗಡಿಯಾರದ ಗೋಪುರದಿಂದ ಜಾರಿ ಬೀಳುತ್ತಾಳೆ. ಅಪ್ಪ ಭರ್ರೆಂದು ಹಾರಿ, ನೆಲಕ್ಕೆ ಗೇಣಿರುವಾಗ ಹಿಡಿಯುತ್ತಾನೆ. ಪಡಸಾಲೆ ಚಪ್ಪಾಳೆಯಿಂದ ನಡುಗಿತು.

"ಅಪ್ಪ ಅಂದ್ರ ಹಂಗ ಇರಬೇಕು" ಎಂದಳು ಬಕ್ಕಪ್ಪನ ಹೆಂಡತಿ ದ್ರೌಪದಿ, ಗೋಡೆಗೆ ಹೇಳುವಂತೆ.

ಪಕ್ಕದ ಮನೆಯ ಅಂಜಮ್ಮ ಬಿಡಬೇಕಲ್ಲ! "ಏನ್ ಬಕ್ಕಪ್ಪಾ, ನಿನ್ ಮಗಳು ಬಿದ್ರ ಏನ್ ಮಾಡ್ತಿ?"

"ನಾ ಏನ್ ಕೈ ಕಟ್ಕೊಂಡು ನಿಂದರ್ತೀನೇನು?" ಎಂದು ಬಕ್ಕಪ್ಪ ಎದೆ ಉಬ್ಬಿಸಿದ. ಉಬ್ಬಿದ ಎದೆಯನ್ನು ಆರು ವರ್ಷದ ಮಗಳು ಭೂದೇವಿ ಕಣ್ಣು ಮಿಟುಕಿಸದೆ ನೋಡಿದಳು.

ಧಾರಾವಾಹಿ ಮುಗಿದು ಮನೆಗೆ ಬಂದ ಮೇಲೆ ದ್ರೌಪದಿ ನಲ್ಲಿಗೆ ನೀರು ತರಲು ಹೋದಳು. ಬಕ್ಕಪ್ಪ ಮನೆಯ ಮುಂದೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ.

"ಅಪ್ಪಾ! ಮ್ಯಾಲ ನೋಡು!"

ನೋಡಿದ. ಮಾಳಿಗೆಯ ಅಂಚಿನ ಮೊಣಕಾಲೆತ್ತರದ ಗೋಡೆಯ ಮೇಲೆ ಭೂದೇವಿ ನಿಂತಿದ್ದಳು. ಹೆಬ್ಬೆರಳು ಎರಡೂ ಗೋಡೆಯಾಚೆ ಇಣುಕುತ್ತಿದ್ದವು. ನೆಲದ ದೇವಿಯ ಹೆಸರಿಟ್ಟುಕೊಂಡವಳೇ ನೆಲ ಬಿಟ್ಟಿದ್ದಳು. ಬಕ್ಕಪ್ಪ ಉಗುರು ಬಿಟ್ಟು ದಡಕ್ಕನೆ ಎದ್ದ.

"ಹಿಂದಕ್ಕ ಸರಿ ಮಗಳ... ಹಿಂದಕ್ಕ..."

"ನಾ ಬೀಳ್ತೀನಿ, ನೀ ಹಾರಿ ಬಂದು ಹಿಡಿ!"

"ಬ್ಯಾಡವ್ವಾ! ನನಗ ಹಾರಾಕ ಬರಂಗಿಲ್ಲ. ನಾ ಸಾದಾ ಮನಷ್ಯ!"

ಭೂದೇವಿಯ ಮುಖ ಅರಳಿತು. "ಅವನೂ ಹಂಗ ಅಂದಿದ್ದ!"

"ದೇವ್ರಾಣಿ ಬರಂಗಿಲ್ಲ! ಕಿಟಕ್ಯಾಗ ಕೂತು ಬಸ್ಸಿನ ಟೈಮ್ ಹೇಳಾವ ನಾ!"

"ಅವನೂ ಪೋಸ್ಟಿನ ಕಿಟಕ್ಯಾಗೇ ಕೂತಿದ್ದ!"

ಖರೆ ಹೇಳಿದಷ್ಟೂ ಬಕ್ಕಪ್ಪ ಗಗನಪಿತನಾಗುತ್ತ ಹೋದ. ಗದ್ದಲ ಕೇಳಿ ಧರ್ಮಣ್ಣ ಹೊರಬಂದ. "ಬರ್ತದ ಅಂದು ಬಿಡೋ ಬಕ್ಕಪ್ಪ, ಕೂಸು ಇಳೀಲಿ!"

"ಬರ್ತದ ಅಂದ್ರ ಜಿಗೀತಾಳಲ್ಲೋ!"

ಭೂದೇವಿ ಎರಡೂ ಕೈ ಚಾಚಿದಳು. ಗಾಳಿಗೆ ಅವಳ ಲಂಗ ಹಾರಿ, ಸಣ್ಣ ಕಾಲುಗಳು ಒಮ್ಮೆ ತೂಗಾಡಿದವು. ಬಕ್ಕಪ್ಪನಿಗೆ ಕಣ್ಣುಕತ್ತಲೆ ಬಂತು. ಕೆಳಗಿರುವುದು ಕಲ್ಲುಚಪ್ಪಡಿ. ಆ ಗಳಿಗೆಯಲ್ಲಿ, ಎಲ್ಲಿಂದಲೋ, ಅವನಿಗೊಂದು ಬುದ್ಧಿ ಹೊಳೆಯಿತು.

"ಭೂದೇವೀ," ಎಂದು ಪಿಸುದನಿಯಲ್ಲಿ ಕೂಗಿದ. "ಹಾರ್ತೀನಿ. ಆದ್ರ ಯಾರೂ ನೋಡಬಾರದು, ಗುಟ್ಟು ಅದು. ಹಿಂದಕ್ಕ ಹೋಗಿ, ನಡುವ ಕುಂತು ಕಣ್ಣು ಮುಚ್ಕೋ."

ಮಗಳು ಗೋಡೆಯಿಂದ ಒಳಕ್ಕೆ ಜಿಗಿದಳು. ಬಕ್ಕಪ್ಪ ಬಚ್ಚಲ ಪಕ್ಕದ ನಿಚ್ಚಣಿಕೆಗೆ ಓಡಿದ. ಜೀವಮಾನದಲ್ಲಿ ಅವನು ಅದನ್ನು ಮುಟ್ಟಿರಲಿಲ್ಲ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದವಳೂ ದ್ರೌಪದಿ, ತೆಗೆಯುತ್ತಿದ್ದವಳೂ ದ್ರೌಪದಿ. ಒಂದು ಮೆಟ್ಟಿಲಿಗೆ ಮೊಣಕಾಲು ನಡುಗಿತು. ಎರಡನೆಯದಕ್ಕೆ ನಿಚ್ಚಣಿಕೆಯೇ ನಡುಗಿತು.

"ಕಣ್ಣು ತೆಗೀಲೇನಪ್ಪಾ?"

"ಬ್ಯಾಡ! ಇನ್ನೂ... ಹಾರಾಕತ್ತೀನಿ!"

ಅಷ್ಟರಲ್ಲಿ ಕೆಳಗೆ ಕೂಡಿದ್ದ ಓಣಿಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಬಕ್ಕಪ್ಪ ಕಣ್ಣು ಬಿಗಿಮುಚ್ಚಿ, ಏದುಸಿರು ಬಿಡುತ್ತ, ನಾಲ್ಕು ಕಾಲಿನ ಪ್ರಾಣಿಯಂತೆ ಮಾಳಿಗೆಯ ಮೇಲೆ ಉರುಳಿದ. ತೆವಳುತ್ತ ಹೋಗಿ ಮಗಳನ್ನು ಅಪ್ಪಿಕೊಂಡ. ಎಷ್ಟು ಬಿಗಿಯಾಗಿ ಅಪ್ಪಿದನೆಂದರೆ ಅವಳು "ಉಸಿರು, ಅಪ್ಪಾ!" ಎಂದಳು. ಅವನು ಬಿಡಲಿಲ್ಲ.

ಭೂದೇವಿ ಕಣ್ಣು ತೆರೆದು ಅಪ್ಪನ ಬೆವರು ನೋಡಿದಳು, ಅಪ್ಪನ ಗದ್ದ ನಡುಗುವುದನ್ನು ನೋಡಿದಳು, ನಿಚ್ಚಣಿಕೆಯ ತುದಿಯನ್ನೂ ನೋಡಿದಳು. ಎದ್ದು ಲಂಗ ಜಾಡಿಸಿಕೊಂಡು ಅಳಿಲಿನಂತೆ ಸರಸರ ಇಳಿದುಹೋದಳು.

ಉಳಿದವನು ಬಕ್ಕಪ್ಪ.

ಏರುವಾಗ ಮಗಳ ಜೀವದ ಅಂಜಿಕೆ ಇತ್ತು, ಇಳಿಯುವಾಗ ತನ್ನದೇ. ಬೆನ್ನು ಹೊರಗೆ ಮಾಡಿ ಕಾಲು ಕೆಳಗೆ ಬಿಟ್ಟ. ಮೆಟ್ಟಿಲು ಸಿಗಲಿಲ್ಲ. ಇನ್ನೊಂದು ಕಾಲನ್ನೂ ಬಿಟ್ಟ. ಅದಕ್ಕೆ ನಿಚ್ಚಣಿಕೆ ಸಿಕ್ಕಿತು, ಆದರೆ ಸಿಕ್ಕ ಭರಕ್ಕೆ ಅದು ಜಾರಿ ಬಚ್ಚಲಿಗೆ ಬಿತ್ತು. ಬಕ್ಕಪ್ಪ ಮಾಳಿಗೆಯ ಅಂಚಿಗೆ ಒಣಹಾಕಿದ ಅಂಗಿಯಂತೆ ಜೋತಾಡಿದ.

"ಸತ್ತೆನೋ! ಧರ್ಮಣ್ಣಾ!"

ಆಗ ದ್ರೌಪದಿ ತುಂಬಿದ ಕೊಡ ಹೊತ್ತು ಬಂದಳು. ಗಂಡನ ಕಾಲುಗಳನ್ನು ಒಮ್ಮೆ ನೋಡಿದಳು. ಒಂದು ಹನಿಯೂ ಚೆಲ್ಲದಂತೆ ಕೊಡ ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಳಗೆ ನಿಂತಳು.

"ಕೈ ಬಿಡ್ರಿ."

"ಬಿಡಂಗಿಲ್ಲ! ಸಾಯ್ತೀನಿ!"

"ಬಿಡ್ರಿ ಅಂದೆ!"

ಮದುವೆಯಾದಂದಿನಿಂದ ಆ ದನಿಗೆ ಇಲ್ಲವೆಂದ ಅಭ್ಯಾಸ ಬಕ್ಕಪ್ಪನ ಕೈಗಳಿಗಿರಲಿಲ್ಲ. ತಾವಾಗಿಯೇ ಬಿಟ್ಟವು. ದ್ರೌಪದಿ ಗಪ್ಪನೆ ನಡು ಹಿಡಿದಳು. ಇಬ್ಬರೂ ನೆಲಕ್ಕೆ ಕೂತರು. ಓಣಿ ಟಿ.ವಿ.ಗೆ ತಟ್ಟಿದ್ದಕ್ಕಿಂತ ಜೋರಾಗಿ ಚಪ್ಪಾಳೆ ತಟ್ಟಿತು.

ಸಂಜೆ ಗಂಡಹೆಂಡಿರಿಬ್ಬರೂ ಸೊಂಟಕ್ಕೆ ಕಾವು ಕೊಟ್ಟುಕೊಳ್ಳುತ್ತಿದ್ದರು. ಭೂದೇವಿ ಬಂದು ಅಪ್ಪನ ಪಕ್ಕ ಕೂತಳು.

"ಅಪ್ಪಾ, ನಿನಗ ಹಾರಾಕ ಬರಂಗಿಲ್ಲ. ನನಗ ಗೊತ್ತಾತು."

ಬಕ್ಕಪ್ಪನ ಎದೆಯ ಮೇಲಿನ ಬಂಡೆ ಇಳಿಯಿತು. (ಎಲ್ಲೋ ಒಂದಿಷ್ಟು ನೋವೂ ಆಯಿತು, ಅದಿರಲಿ.) "ಹಾಂ, ಶಾಣ್ಯಾ ಮಗಳು! ಇನ್ನ ಮ್ಯಾಲ ಏರಬ್ಯಾಡ."

"ಏರಂಗಿಲ್ಲ. ಶಕ್ತಿ ಅವ್ವಗ ಬಂದದ. ನಾ ಅವ್ವನ ಮಗಳು, ನನಗೂ ಬಂದಿರ್ತದ. ಮುಂದಿನ ಆಯಿತವಾರ ನೀ ಮ್ಯಾಲಿಂದ ಜಿಗಿ, ನಾ ಹಿಡೀತೀನಿ."

ಬಕ್ಕಪ್ಪ ದಿಕ್ಕುಗೆಟ್ಟು ಹೆಂಡತಿಯ ಮುಖ ನೋಡಿದ. "ನೀನರ ಹೇಳು ಅಕಿಗೆ!"

ದ್ರೌಪದಿ ಸೊಂಟ ಹಿಡಿದುಕೊಂಡು ನಿಟ್ಟುಸಿರುಬಿಟ್ಟಳು.

"ಹಿಡೀಲಿ ಬಿಡ್ರಿ. ಇನ್ನೊಮ್ಮೆ ನನ್ನ ಕೈಲಿ ಆಗಂಗಿಲ್ಲ."