ಐದು ಅಡಿ ಎರಡು ಇಂಚಿನ ಕಂತು

ನಾಲ್ಕನೆಯ ಕಂತಿಗೆ ಐದು ಅಡಿ ಎರಡು ಇಂಚು.

ಇದು ನನ್ನ ಸೋದರಮಾವನ ತೀರ್ಪು. ಟಿವಿ ಕಂತುಗಳನ್ನು ಅಡಿ-ಇಂಚಿನಲ್ಲಿ ಅಳೆಯುವ ವಿಮರ್ಶಕರು ಜಗತ್ತಿನಲ್ಲಿ ಇವರೊಬ್ಬರೇ ಇರಬೇಕು! ಶಹಾಪುರದ ಹತ್ತಿರ ಕಾಲುವೆಯ ಗೇಟು ಎತ್ತಿ ಇಳಿಸುವುದು ಅವರ ನೌಕರಿ. ನೀರು ಎಷ್ಟು ಅಡಿ ಇದೆಯೆಂದು ದಿನಾ ರಿಜಿಸ್ಟರಿನಲ್ಲಿ ಬರೆಯಬೇಕು. ಬರೆದು ಬರೆದು ಎಲ್ಲವೂ ಹಾಗೆಯೇ ಕಾಣತೊಡಗಿದೆ. ಸುರಪುರದ ಮದುವೆಯೊಂದರಲ್ಲಿ ಊಟ ಹೇಗಿತ್ತೆಂದು ಬೀಗರು ಕೇಳಿದ್ದಕ್ಕೆ "ಮೂರು ಅಡಿರಿ" ಅಂದರು. ಬೀಗರು ಇನ್ನೂ ಅದರ ಅರ್ಥ ಹುಡುಕುತ್ತಿದ್ದಾರೆ.

ಇಂಥವರಿಗೆ ಜಪಾನಿನ ಒಬ್ಬ ನಿರ್ದೇಶಕ ಟಿವಿಗೆ ಮಾಡಿದ ಹನ್ನೆರಡು ಅನಿಮೆ, ಅಂದರೆ ಕಾರ್ಟೂನು, ಕಂತುಗಳು ಎಲ್ಲಿಂದ ಸಿಕ್ಕವು? ನನ್ನ ಲ್ಯಾಪ್‌ಟಾಪಿನಿಂದ. ಅಪ್ಪ ತೀರಿಕೊಂಡ ಮೇಲೆ ನಾನು ಯಾದಗಿರಿಯಿಂದ ಮಾವನ ಮನೆಗೆ ಬಂದಿದ್ದೆ. ಮೂರು ವಾರ "ಹೂಂ", "ಬ್ಯಾಡ" ಬಿಟ್ಟು ಬೇರೆ ಮಾತಾಡಿರಲಿಲ್ಲ. ಸುಮ್ಮನೆ ಅವನ್ನೇ ನೋಡುತ್ತಿದ್ದೆ. ನಾಲ್ಕನೆಯ ಕಂತು ಓಡುತ್ತಿದ್ದಾಗ ಮಾವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು.

"ಏ ಯವ್ವಾ, ಕೆಳಗ ಇಂಗ್ಲಿಷ್ ಓಡಾಕತ್ತದ. ನನ್ನ ಚಸ್ಮಾಕ್ಕ ಸಿಗವಲ್ದು. ಓದಿ ಹೇಳು."

ಓದಿದೆ, ನಮ್ಮ ಕನ್ನಡದಲ್ಲೇ. ಅಂದಿನಿಂದ ಜಪಾನಿನವರೆಲ್ಲ "ಬರ್ರಿ, ಕುಂದರ್ರಿ" ಎನ್ನತೊಡಗಿದರು! ಅಡುಗೆಮನೆಯಿಂದ ಅತ್ತೆಯ ಷರಾ ಬೇರೆ: "ಮನ್ಯಾಗ ಉಪ್ಪು ತೀರೇದ. ಇವ್ರು ಜಪಾನಿಗೆ ನೀರು ಬಿಡಾಕತ್ತಾರ!"

ಮಾವನಿಗೆ ತಪ್ಪಿಹೋದ ಮೊದಲ ಮೂರನ್ನೂ ತೋರಿಸಿ ಹನ್ನೆರಡೂ ಮುಗಿದ ಮೇಲೆ, ಯಾವುದು ಎಷ್ಟನೆಯದು ಎಂದು ಪಟ್ಟಿ ಮಾಡಿ, ಅನಿಮೆ ನೋಡುವ ನನ್ನ ಗೆಳತಿಯರಿಗೆ ಇಬ್ಬರ ಹೆಸರಿನಲ್ಲಿ ಕಳಿಸುವುದೆಂದಾಯಿತು. ಮೊದಲ ಸ್ಥಾನದಲ್ಲೇ ಜಗಳ ಹತ್ತಿತು.

"ಮಾವ, ಒಂಬತ್ತನೇದ್ರಾಗ ಇಡೀ ಊರು ಮುಳಗ್ತದ. ಎಂಥಾ ಚಿತ್ರ! ಅದಕ್ಕ ಬರೇ ಎರಡೂವರಿ ಅಡಿ ಏನ್ರಿ?"

"ಅಷ್ಟು ನೀರು ಬರಾತನಕ ಅಲ್ಲಿ ಗೇಟಿನವ ಏನು ಮಾಡಾಕತ್ತಿದ್ದ? ಎರಡೂವರಿನೂ ಜಾಸ್ತಿನೇ ಆತು."

"ನಾಲ್ಕನೇದ್ರಾಗ ಏನದರಿ? ಹುಡುಗಿ ಕಿಟಕಿ ಒರಸ್ತಾಳ, ಮುಗೀತು!"

"ಕಿಟಕಿ ಸ್ವಚ್ಛ ಆತಿಲ್ಲೋ?"

ಎಂ.ಎ. ಓದಿದವಳು ಪೆನ್ನು ಕೆಳಗಿಟ್ಟೆ. ಪಟ್ಟಿ ಅಲ್ಲಿಗೇ ನಿಂತಿತು.

ಒಂದು ಮಧ್ಯಾಹ್ನ ಮಾವ ವಡಗೇರಾಕ್ಕೆ ಹೋಗಿದ್ದಾಗ ದೋರನಹಳ್ಳಿಯ ರೈತರೊಬ್ಬರು ಬಂದರು. "ಅಕ್ಕೋರ, ನಮ್ಮ ನೀರಿನ ಪಾಳಿ ಯಾವತ್ತದರಿ?" ರಿಜಿಸ್ಟರು ತೆಗೆದು ನೋಡಿ ಹೇಳಿ ಕಳಿಸಿದೆ. ಮುಚ್ಚುವಾಗ ಕೊನೆಯ ಪುಟ ಕಂಡಿತು. ನಮ್ಮ ಹನ್ನೆರಡೂ ಕಂತುಗಳು ಅಲ್ಲಿದ್ದವು: ತಾರೀಖು, ಅಡಿ, ಷರಾ. ಒಂಬತ್ತನೆಯದರ ಮುಂದೆ "ಗೇಟಿನವನ ತಪ್ಪು" ಎಂದಿತ್ತು. ನಾಲ್ಕನೆಯದರ ಮುಂದೆ ಅದೇ ನೌಕರಿಯ ಅಕ್ಷರದಲ್ಲಿ ಹೀಗಿತ್ತು:

"ನಮ್ಮ ಹುಡುಗಿ ಇಂದು ಮಾತಾಡಿದಳು. ಕತೆಯ ಹುಡುಗಿ ತನ್ನ ಅಪ್ಪನನ್ನು ನೆನೆಯುವ ಎರಡು ಸಾಲು ಓದದೆ ಬಿಟ್ಟಳು. ಏಕೆಂದು ಕೇಳಲಿಲ್ಲ."

ಬಿಟ್ಟಿದ್ದೆ, ನಿಜ. ಆ ಸಾಲುಗಳು ಅಲ್ಲಿದ್ದವೆಂದು ಮಾವನಿಗೆ ಹೇಗೆ ಗೊತ್ತಾಯಿತು? ಚಸ್ಮಾಕ್ಕೆ ಮೊದಲಿನಿಂದಲೂ ಎಲ್ಲವೂ ಸಿಗುತ್ತಿತ್ತು!

ರಿಜಿಸ್ಟರನ್ನು ಇದ್ದಲ್ಲಿಯೇ ಇಟ್ಟೆ. ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ನಾಲ್ಕನೆಯ ಕಂತನ್ನೇ ಬರೆದು ಕಳಿಸಿದೆ.

ಮರುದಿನ ಬೆಳಿಗ್ಗೆ ಮಾವನಿಗೆ ಕುರ್ಚಿ ಹಾಕಿ, ಅದೇ ಕಂತನ್ನು ಮತ್ತೆ ಹಚ್ಚಿದೆ. ಆ ಎರಡು ಸಾಲು ಬಂದಾಗ ಓದಿದೆ.