ನಲವತ್ತು ದಿನದ ಅಕ್ಕ

ನನ್ನ ಅಕ್ಕನಿಗೆ ವರ್ಷದಲ್ಲಿ ನಲವತ್ತು ದಿನ ಹುಚ್ಚು. ಹೀಗೆ ಹೇಳಿದರೆ ಮಂಗಳೂರಿನ ಕುಲಶೇಖರದ ನಮ್ಮ ಓಣಿಯವರು ಒಪ್ಪುವುದಿಲ್ಲ. "ನಲವತ್ತೇ ಎಂತಕ್ಕೆ? ಉಳಿದ ದಿನ ಕಡಿಮೆ ಉಂಟಾ?" ಎಂದು ಕೇಳುತ್ತಾರೆ. ಆದರೆ ಒಂದೇ ಸೂರಿನ ಅಡಿಯಲ್ಲಿ ಐವತ್ತು ವರ್ಷ ಅವಳ ಜೊತೆ ಬದುಕಿದವನು ನಾನು. ಉಳಿದ ದಿನಗಳಲ್ಲಿ ಅವಳು ನಿಮ್ಮ ಅಕ್ಕನ ಹಾಗೆಯೇ. ಮೀನು ಮಾರುವವಳ ಹತ್ತಿರ ಜಗಳ, ಹೊಲಿಗೆ ಮೆಷಿನಿನ ಹತ್ತಿರ ಜಗಳ, ನನ್ನ ಹತ್ತಿರ ಜಗಳ. ಈಸ್ಟರ್ ಹಬ್ಬದ ದಿನ ಇಗರ್ಜಿಯಿಂದ ಬಂದು ಚಪ್ಪಲಿ ಬಿಟ್ಟಳೋ, ಮುಗಿಯಿತು! ಅಲ್ಲಿಂದ ಸ್ವರ್ಗಾರೋಹಣದ ಹಬ್ಬದವರೆಗೆ ಅವಳಿಗೆ ಈ ಲೋಕದಲ್ಲಿ ಅಪರಿಚಿತರು ಎನ್ನುವವರೇ ಇಲ್ಲ.

ನಗುತ್ತಾ ಬರೆಯುತ್ತಿದ್ದೇನೆ, ನೀವೂ ನಗಿ. ಆದರೆ ಮೊದಲೇ ಹೇಳಿಬಿಡುತ್ತೇನೆ: ಇದು ಇಂಥ ಅಕ್ಕನನ್ನು ನಾನು ನಾಲ್ಕು ಜನರ ಎದುರು ಬಿಟ್ಟುಕೊಟ್ಟ ಕಥೆಯೂ ಹೌದು. ಆ ಜಾಗಕ್ಕೆ ಬರಲು ನನಗೆ ಸ್ವಲ್ಪ ಧೈರ್ಯ ಬೇಕು. ಅಷ್ಟರವರೆಗೆ ಅವಳ ವಿಷಯ ಹೇಳುತ್ತೇನೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅವಳು ಐದಕ್ಕೇ. ಹಾಗಾಗಿ ಧರ್ಮಶಾಸ್ತ್ರವನ್ನು ಪಂಡಿತರ ಹಾಗೆ ವಿವರಿಸಲು ನಮಗೆ ಬರುವುದಿಲ್ಲ. ಅವಳು ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. (ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ. ಕನ್ನಡಕ್ಕೆ ತರುವಾಗ ಅವಳ ಮಾತಿನ ಖಾರ ಅರ್ಧ ಇಳಿದುಹೋಗುತ್ತದೆ.)

"ದೇವರ ಮಗ ಸಮಾಧಿಯಿಂದ ಎದ್ದು ಸೀದಾ ಸ್ವರ್ಗಕ್ಕೆ ಹೋದನಾ? ಇಲ್ಲ. ನಲವತ್ತು ದಿನ ಇಲ್ಲೇ ತಿರುಗಾಡಿದ. ಯಾರಿಗಾದ್ರೂ ಒಮ್ಮೆಗೇ ಗುರುತು ಸಿಕ್ಕಿತಾ? ಮಗ್ದಲದ ಮರಿಯ ನೋಡಿ ತೋಟದ ಕೆಲಸದವ ಅಂದುಕೊಂಡಳು. ಎಮ್ಮಾವು ಊರಿಗೆ ಹೊರಟ ಇಬ್ಬರು ಯಾರೋ ದಾರಿಹೋಕ ಅಂದುಕೊಂಡ್ರು. ಶಿಷ್ಯ ಪೇತ್ರನವರು ದೋಣಿಯಿಂದ ನೋಡಿದ್ರೆ, ದಡದಲ್ಲಿ ಯಾರೋ ಒಬ್ಬ ಮೀನು ಸಿಕ್ಕಿತಾ ಅಂತ ಕೇಳಿಕೊಂಡು ನಿಂತಿದ್ದಾನೆ! ಒಟ್ಟಿಗೆ ಉಂಡವರಿಗೇ ಗುರುತು ಸಿಗಲಿಲ್ಲ. ನಿನಗೆ ನನಗೆ ಸಿಗ್ತದಾ?"

"ಇಲ್ಲ."

"ಹಾಗಾದ್ರೆ ಎಂತ ಮಾಡಬೇಕು?"

"ಎಂತ?"

"ಬಂದವರನ್ನೆಲ್ಲ ಕೂರಿಸಬೇಕು!"

ಈ ಮಾತಿನಲ್ಲಿ ಎಲ್ಲಾದರೂ ತೂತು ಇದೆಯೇ? ನಾನು ಎಷ್ಟೋ ವರ್ಷ ಹುಡುಕಿದೆ. ಸಿಗಲಿಲ್ಲ.

ಕೂರಿಸಿದರೆ ಸಾಕೇ? ಎದ್ದು ಬಂದವನು ಶಿಷ್ಯರ ಎದುರು ಸುಟ್ಟ ಮೀನು ತಿಂದು ತೋರಿಸಿದ್ದಾನಲ್ಲ! ಆದ್ದರಿಂದ ಆ ನಲವತ್ತು ದಿನ ನಮ್ಮ ಅಡುಗೆಮನೆಯಲ್ಲಿ ಮಸಾಲೆ ಹಚ್ಚಿದ ಬಂಗುಡೆ ಸದಾ ತಯಾರು. ಯಾರು ಬಾಗಿಲು ಬಡಿದರೂ ಕಾವಲಿ ಒಲೆಗೆ ಏರುತ್ತದೆ.

ಒಮ್ಮೆ ಕರೆಂಟಿನ ಮೀಟರ್ ನೋಡುವವರು ಬಂದರು. ಪಾಪ, ಹೊಸಬರು. ಮೀಟರ್ ಕಡೆಗೆ ಕತ್ತೆತ್ತುವ ಮೊದಲೇ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮುಂದೆ ತಟ್ಟೆ ಇಟ್ಟಳು.

"ಬಾಯಮ್ಮ, ನಾನು ಮೀನು ಮುಟ್ಟುವವನಲ್ಲ," ಎಂದರು ಅವರು ಹೆದರಿ. (ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಬಾಯಿ, ಬಾಯಮ್ಮ ಎಂದೇ ಕರೆಯುವುದು.)

ಅಕ್ಕ ಒಳಗೆ ಬಂದು ನನ್ನ ಕಿವಿಯಲ್ಲಿ, "ಮೀನು ತಿನ್ನುವುದಿಲ್ಲವಂತೆ. ಇವನು ಅವನಲ್ಲ," ಎಂದಳು. ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. "ಅಥವಾ ನನ್ನನ್ನು ಪರೀಕ್ಷೆ ಮಾಡ್ತಾ ಇದ್ದಾನಾ?" ತಟ್ಟೆಗೆ ನೀರುದೋಸೆ, ಬೆಲ್ಲ ತೆಂಗಿನಕಾಯಿ ಬಿತ್ತು. ಅಂದಿನಿಂದ ಆ ಮನುಷ್ಯರು ನಮ್ಮ ಓಣಿಗೆ ಬರುವುದು ಸರಿಯಾಗಿ ತಿಂಡಿಯ ಹೊತ್ತಿಗೆ. ದೇವರೋ ಅಲ್ಲವೋ ಗೊತ್ತಿಲ್ಲ, ಹೊತ್ತು ಮಾತ್ರ ತಪ್ಪುವುದಿಲ್ಲ!

ಇನ್ನೊಂದು ವರ್ಷ ಗ್ಯಾಸ್ ತಂದವನ ಅಂಗೈಗೆ ಬಟ್ಟೆ ಸುತ್ತಿತ್ತು. ಅದನ್ನು ಕಂಡ ಅಕ್ಕನ ಮುಖ ನೀವು ನೋಡಬೇಕಿತ್ತು. ಶಿಲುಬೆಯ ಮೊಳೆ ಹೊಕ್ಕ ಗಾಯದಲ್ಲಿ ಬೆರಳಿಟ್ಟು ನೋಡದೆ ನಂಬುವುದಿಲ್ಲ ಎಂದ ತೋಮನೂ ಅಷ್ಟು ಹತ್ತಿರ ಬಗ್ಗಿರಲಿಕ್ಕಿಲ್ಲ.

"ಎಂತ ಆಯ್ತು ಕೈಗೆ?"

"ಸಿಲಿಂಡರ್ ತಾಗಿದ್ದು ಬಾಯಮ್ಮ."

"ಎರಡೂ ಕೈಗಾ?"

"ಇಲ್ಲ, ಒಂದಕ್ಕೇ."

"ಕಾಲು ತೋರ್ಸಿ."

"ಕಾಲಾ? ಕಾಲಿಗೆ ಎಂತ ಆಗ್ಲಿಲ್ಲ!"

"ಆದ್ರೂ ತೋರ್ಸಿ ಮಾರಾಯ್ರೇ."

ಅವನು ನನ್ನ ಮುಖ ನೋಡಿದ. ನಾನು ಮಾಡಿನ ಹೆಂಚು ನೋಡಿದೆ. ಕೊನೆಗೆ ಅವನು ಚಪ್ಪಲಿ ಕಳಚಿ ಎರಡೂ ಪಾದ ತೋರಿಸಿದ. ಅಕ್ಕ ಬಿಸಿನೀರು ತಂದು ಅವನ ಕೈ ತೊಳೆದು, ಮುಲಾಮು ಹಚ್ಚಿ, ಹೊಸ ಬಟ್ಟೆ ಕಟ್ಟಿ ಕಳಿಸಿದಳು. ಅವನು ಹೋದ ಮೇಲೆ ನಾನು ನಗು ತಡೆಯಲಾರದೆ, "ಎಂತ ಅಕ್ಕ, ಅವನಾ?" ಎಂದೆ.

"ಅಲ್ಲ," ಎಂದಳು. "ಆದ್ರೆ ಗಾಯ ಗಾಯವೇ ಅಲ್ವಾ?"

ನನ್ನ ನಗು ಅಲ್ಲಿಗೆ ನಿಂತಿತು. ಅವಳ ಹತ್ತಿರ ಇದೇ ಕಷ್ಟ. ನಗಲು ಹೊರಟವನು ಅರ್ಧದಲ್ಲಿ ಬಾಯಿ ಮುಚ್ಚಬೇಕಾಗುತ್ತದೆ.

ನೀರು ಶುದ್ಧ ಮಾಡುವ ಯಂತ್ರ ಮಾರುವವನೊಬ್ಬ ಬಂದದ್ದು ಇನ್ನೂ ಮಜಾ. ಅವರ ಕಂಪೆನಿಯವರ ಮಾತನ್ನು ಯಾವ ಮನೆಯವರೂ ಐದು ನಿಮಿಷ ಕೇಳುವುದಿಲ್ಲವಂತೆ. ಅಕ್ಕ ಎರಡು ಗಂಟೆ ಕೇಳಿದಳು! ಹೇಳಿ ಹೇಳಿ ಅವನಿಗೇ ಸುಸ್ತಾಯಿತು. ಹೊರಡಲು ಎದ್ದವನನ್ನು, "ಸಂಜೆ ಆಗ್ತಾ ಬಂತು, ನಮ್ಮಲ್ಲೇ ಉಳಿಯಿರಿ," ಎಂದು ತಡೆದಳು. ಎಮ್ಮಾವಿನವರು ಹಾಗೆ ಕರೆದದ್ದಕ್ಕೇ ಅಲ್ಲವೇ ಅವನು ಒಳಗೆ ಬಂದು ರೊಟ್ಟಿ ಮುರಿದದ್ದು, ಇವರಿಗೆ ಗುರುತು ಸಿಕ್ಕಿದ್ದು! ಮಾರುವವನು ಮಾತ್ರ ಯಂತ್ರವನ್ನು ಅವಚಿಕೊಂಡು ಓಡಿದ.

"ಅವನ ಮಾತು ಕೇಳಿ ಹೃದಯ ಉರಿಯಿತಾ ಅಕ್ಕ, ಎಮ್ಮಾವಿನವರಿಗೆ ಉರಿದ ಹಾಗೆ?"

"ಹೃದಯ ಗೊತ್ತಿಲ್ಲ, ಒಲೆಯಲ್ಲಿಟ್ಟ ಗಂಜಿ ಉರಿದು ಹೋಯ್ತು."

ನಮ್ಮ ಇಗರ್ಜಿಯ ಫಾದರ್ ಒಳ್ಳೆಯವರು, ಸ್ವಲ್ಪ ತಮಾಷೆಯವರು. ಒಮ್ಮೆ ಎಲ್ಲರ ಎದುರು ಕೇಳಿದರು: "ಬಾಯಿ, ಈ ವರ್ಷವಾದರೂ ಸಿಕ್ಕಿದನಾ?"

ಅಕ್ಕ ಸ್ವಲ್ಪವೂ ಅಳುಕಲಿಲ್ಲ. "ಇನ್ನೂ ಹನ್ನೆರಡು ದಿನ ಉಂಟಲ್ಲ ಫಾದರ್!"

ಇರಲಿ. ಇನ್ನು ಮುಂದೂಡಿ ಪ್ರಯೋಜನವಿಲ್ಲ. ನನ್ನ ಕಥೆಗೆ ಬರುತ್ತೇನೆ.

ನಾನು ಬೈಕಂಪಾಡಿಯ ಕಾರ್ಖಾನೆಗಳ ನಡುವೆ ಒಂದು ವರ್ಕ್‌ಶಾಪಿನಲ್ಲಿ ವೆಲ್ಡರ್. ಈ ವರ್ಷ ಈಸ್ಟರ್ ಕಳೆದು ಎರಡನೇ ವಾರ ನನ್ನನ್ನು ಮೇಸ್ತ್ರಿ ಮಾಡಿದರು. ಏಳನೇ ಕ್ಲಾಸಿನವನಿಗೆ ಮೇಸ್ತ್ರಿ ಕೆಲಸ! ಹೊಸ ನೀಲಿ ಶರ್ಟು, ಕಿಸೆಯಲ್ಲಿ ಪೆನ್ನು. ಪೆನ್ನಿಗೆ ಕೆಲಸವಿರಲಿಲ್ಲ, ಆದರೆ ಅದು ಕಿಸೆಯಲ್ಲಿದ್ದರೆ ನನ್ನ ನಡಿಗೆಯೇ ಬೇರೆಯಾಗುತ್ತಿತ್ತು.

ಅದೇ ವಾರ ಅಕ್ಕನಿಗೆ ಹೊಸ ಯೋಚನೆ ಬಂತು. ಮನೆಗೆ ಬಂದವರನ್ನು ಕೂರಿಸುವುದು ಸರಿ, ಆದರೆ ಪೇತ್ರನವರಿಗೆ ಅವನು ಸಿಕ್ಕಿದ್ದು ದುಡಿದು ಸೋತಿದ್ದ ಜಾಗದಲ್ಲಿ, ಮನೆಯಲ್ಲಲ್ಲ. ಮಂಗಳೂರಿನಲ್ಲಿ ಜನ ದುಡಿದು ಸೋಲುವ ಜಾಗ ಯಾವುದು? ಬೈಕಂಪಾಡಿ! ನನಗೆ ಒಂದು ಮಾತೂ ಹೇಳದೆ, ಬುಟ್ಟಿ ತುಂಬ ಬಂಗುಡೆ ಹುರಿದುಕೊಂಡು, ಎರಡು ಬಸ್ಸು ಬದಲಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ನಮ್ಮ ಗೇಟಿಗೆ ಬಂದು ನಿಂತಳು. ಹೊರಗೆ ಬಂದ ಒಬ್ಬೊಬ್ಬರನ್ನೂ ತಡೆದು, "ಮಕ್ಕಳೇ, ತಿನ್ನಲಿಕ್ಕೆ ಎಂತ ಉಂಟು? ಊಟ ಆಯ್ತಾ?" ಎಂದು ಕೇಳತೊಡಗಿದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಸೀರೆಗೆ ಎಣ್ಣೆಯ ಕಲೆ. ಜನ ಸೇರಿದರು, ನಕ್ಕರು. ಮೀನನ್ನೂ ತಿಂದರು, ಬಿಡಿ.

ಗಲಾಟೆ ಕೇಳಿ ಮ್ಯಾನೇಜರ್ ಹೊರಗೆ ಬಂದರು. ಹಿಂದೆಯೇ ನಾನು.

"ಯಾರಿದು? ನಿಮಗೆ ಗೊತ್ತುಂಟಾ?"

ನಾನು ಕಿಸೆಯ ಪೆನ್ನು ಸರಿಮಾಡಿಕೊಂಡು ಹೇಳಿದೆ: "ಗೊತ್ತಿಲ್ಲ ಸರ್."

ನನ್ನ ಜೊತೆ ಹದಿನೈದು ವರ್ಷ ವೆಲ್ಡಿಂಗ್ ಮಾಡಿದ ಲತೀಫ್ ಮೀನು ಅಗಿಯುತ್ತಲೇ, "ಎಂತ ಮಾರಾಯ, ಕುಲಶೇಖರದಿಂದ ಬಂದದ್ದು ಅಂತಾರೆ. ನಿನ್ನ ಊರಿನವರಲ್ವಾ?" ಎಂದ.

"ಕುಲಶೇಖರದಲ್ಲಿ ಎಷ್ಟು ಮನೆ ಉಂಟು! ಎಲ್ಲರ ಗುರುತು ಇರ್ತದಾ?"

ಗೇಟಿನ ಕಾವಲಿನ ಸುಂದರಣ್ಣ ಸುಮ್ಮನಿರಬಾರದೇ? "ಅಲ್ಲ, ಮೂಗು ನೋಡಿದ್ರೆ ನಿಮ್ಮದೇ ಅಚ್ಚು!"

"ನಾನು ಅವರನ್ನು ನೋಡಿದ್ದೇ ಇಲ್ಲ ಅಂತ ಹೇಳ್ತಾ ಇದ್ದೇನಲ್ಲ!" ಎಂದು ರೇಗಿದೆ.

ಅವನ ಗುರುತಿಲ್ಲ ಎಂದು ಪೇತ್ರ ಮೂರು ಸಲ ಹೇಳಿದಾಗ ಕೋಳಿ ಕೂಗಿತ್ತು. ನನಗೆ ಕೋಳಿ ಕೂಗಲಿಲ್ಲ. ಬೈಕಂಪಾಡಿಯಲ್ಲಿ ಕೋಳಿ ಎಲ್ಲಿಂದ ಬರಬೇಕು? ಊಟದ ಹೊತ್ತು ಮುಗಿದ ಸೈರನ್ ಕೂಗಿತು.

ಅಕ್ಕ ಹತ್ತು ಹೆಜ್ಜೆ ದೂರದಲ್ಲಿದ್ದಳು. ಎಲ್ಲವೂ ಕೇಳಿಸಿತ್ತು. ಬುಟ್ಟಿ ಹಿಡಿದು ನನ್ನ ಹತ್ತಿರ ಬಂದಳು. ಈಗ ಕಿವಿ ಹಿಂಡುತ್ತಾಳೆ ಎಂದುಕೊಂಡೆ. ಅವಳು ಮ್ಯಾನೇಜರಿಗೆ ಕೇಳಿಸುವ ಹಾಗೆ, ಬೇರೆ ಎಲ್ಲರನ್ನೂ ಕೇಳಿದ ಹಾಗೆಯೇ, "ನಿಮ್ಮದು ಊಟ ಆಯ್ತಾ?" ಎಂದು ಕೇಳಿ ನನ್ನ ಕೈಯಲ್ಲಿ ಒಂದು ಮೀನು ಇಟ್ಟಳು. ಹುಟ್ಟಿದಂದಿನಿಂದ ನನ್ನನ್ನು ಎತ್ತಿ ಆಡಿಸಿದವಳು! ಅಮ್ಮ ತೀರಿದ ಮೇಲೆ ನನಗೆ ತುತ್ತು ತಿನ್ನಿಸಿದವಳು! ನನ್ನ ಸುಳ್ಳು ಬಿದ್ದುಹೋಗಬಾರದೆಂದು ಅದಕ್ಕೆ ಹೆಗಲು ಕೊಟ್ಟು ನಿಂತಳು.

ಆ ಮೀನನ್ನು ತಿನ್ನಲು ನನಗಾಗಲಿಲ್ಲ.

ಮನೆಯಲ್ಲಿ ಅವಳು ಆ ಮಾತೇ ಎತ್ತಲಿಲ್ಲ. ಬೈದಿದ್ದರೆ ಮುಗಿದುಹೋಗುತ್ತಿತ್ತು. "ಇವತ್ತು ಬುಟ್ಟಿ ಖಾಲಿ. ಎಲ್ಲ ಒಳ್ಳೆ ಮಕ್ಕಳು," ಎಂದು ಸಂತೋಷದಿಂದ ಪಾತ್ರೆ ತೊಳೆದಳು. ಆ 'ಎಲ್ಲ'ದಲ್ಲಿ ನಾನೂ ಇದ್ದೆನೇ? ಪಾಪನಿವೇದನೆಗೆ ಫಾದರ್ ಹತ್ತಿರ ಹೋಗೋಣ ಎಂದುಕೊಂಡೆ. ಆದರೆ ಗುರುತಿಲ್ಲ ಎಂದು ನಾನು ಹೇಳಿದ್ದು ಫಾದರ್ ಬಗ್ಗೆ ಅಲ್ಲವಲ್ಲ.

ಭಾನುವಾರ ಇಗರ್ಜಿಯಲ್ಲಿ ಓದಿದ್ದು ಯಾವುದು ಗೊತ್ತೇ? ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ತನ್ನ ಗುರುತಿಲ್ಲ ಎಂದ ಪೇತ್ರನನ್ನು ಅವನು ಊಟಕ್ಕೆ ಕರೆದ ಕಥೆ! ಫ್ಯಾನಿನ ಅಡಿಯಲ್ಲೇ ಕುಳಿತಿದ್ದೆ, ಆದರೂ ಶರ್ಟು ಒದ್ದೆಯಾಯಿತು. ಮನೆಗೆ ನಡೆದು ಬರುವಾಗ ಹೇಳಿಯೇಬಿಟ್ಟೆ.

"ಅಕ್ಕ, ಆವತ್ತು ಗೇಟಿನ ಹತ್ತಿರ ನಾನು..."

"ಗೊತ್ತುಂಟು. ನಾನು ಅಲ್ಲೇ ಇದ್ದೆನಲ್ಲ."

"ಮತ್ತೆ ಯಾಕೆ ಒಂದು ಮಾತೂ ಕೇಳಲಿಲ್ಲ?"

ಅವಳು ಕೊಡೆ ಮಡಚಿ ನಿಂತಳು. "ಎದ್ದು ಬಂದವನು ಯಾರ ಹತ್ತಿರ ಆದ್ರೂ, 'ಗುರುವಾರ ರಾತ್ರಿ ನನ್ನನ್ನು ಹಿಡಿದುಕೊಂಡು ಹೋಗುವಾಗ ನೀವೆಲ್ಲ ಎಲ್ಲಿಗೆ ಓಡಿದ್ದು' ಅಂತ ಕೇಳಿದ್ದು ಉಂಟಾ? ಓಡಿದವರನ್ನೇ ಹುಡುಕಿಕೊಂಡು ಹೋಗಿ ಸಮಾಧಾನ ಹೇಳಿದ. ತಿನ್ನಲಿಕ್ಕೆ ಕೊಟ್ಟ. ನಾನೆಂತ ಅವನಿಗಿಂತ ದೊಡ್ಡವಳಾ?"

ನಂಬಿಕೆ ಎಂದರೆ ಅವನ ಗುರುತು ಹಿಡಿಯುವುದು ಎಂದು ನಾನು ತಿಳಿದಿದ್ದೆ. ಗುರುತಿಲ್ಲದವರನ್ನೂ ಒಳಗೆ ಕರೆಯುವುದು ಅಕ್ಕನ ನಂಬಿಕೆ. ಗುರುತಿದ್ದವಳನ್ನೇ ಹೊರಗೆ ನಿಲ್ಲಿಸಿದವನು ನಾನು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಸೋಮವಾರ ನಾನೇ ಅವಳ ಬುಟ್ಟಿ ಹೊತ್ತುಕೊಂಡು ಬಸ್ಸು ಹತ್ತಿದೆ. ಮಧ್ಯಾಹ್ನದವರೆಗೆ ಅವಳನ್ನು ಸುಂದರಣ್ಣನ ಕುರ್ಚಿಯಲ್ಲಿ ಕೂರಿಸಿದೆ. ಊಟದ ಹೊತ್ತಿಗೆ ಮ್ಯಾನೇಜರನ್ನು ಕರೆತಂದು ನಿಲ್ಲಿಸಿ, "ಸರ್, ಇವಳು ನನ್ನ ಅಕ್ಕ. ಆವತ್ತು ನಾನು ಸುಳ್ಳು ಹೇಳಿದೆ," ಎಂದೆ. ಅವರು ಅಕ್ಕನಿಗೆ ಕೈ ಮುಗಿದರು. ಲತೀಫನ ಕಡೆ ತಿರುಗಿ, "ಇವಳು ನನ್ನ ಅಕ್ಕ ಮಾರಾಯ," ಎಂದೆ. "ಅದು ನಮಗೆಲ್ಲ ಗೊತ್ತುಂಟು. ನೀನು ಯಾವಾಗ ಹೇಳ್ತಿ ಅಂತ ಕಾಯ್ತಾ ಇದ್ದೆವು," ಎಂದ ಅವನು. ಸುಂದರಣ್ಣನಿಗೂ ಹೇಳಲು ಹೋದೆ. "ಇವಳು ನನ್ನ..." ಎನ್ನುವಷ್ಟರಲ್ಲೇ, ಐವತ್ತು ವರ್ಷದ ಮೇಸ್ತ್ರಿ, ಎಲ್ಲರ ಎದುರು, ನೀಲಿ ಶರ್ಟಿನ ತೋಳಿನಿಂದ ಕಣ್ಣೊರೆಸಿಕೊಂಡೆ.

ಅಕ್ಕ ಸೆರಗಿನಿಂದ ತನ್ನ ಮೂಗನ್ನೂ ಒರೆಸಿಕೊಂಡು ಗದರಿದಳು: "ಎಷ್ಟು ಸಲ ಹೇಳ್ತಿ? ಕೂತುಕೋ. ಮೀನು ತಣ್ಣಗಾಗ್ತದೆ."