ಬೂಷ್ಟು ಹಿಡಿದ ಹುಳಗಳೂ ನನ್ನ ಒಂದು ಫೋನೂ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ನೀವು ಹುಳಗಳನ್ನಾಗಲಿ ನಮ್ಮಕ್ಕನನ್ನಾಗಲಿ ಅನುಮಾನಿಸುವ ತೊಂದರೆ ಇರುವುದಿಲ್ಲ. ಯಾರದಾದರೂ ದನಿ ಕಿವಿಗೆ ಬಿದ್ದರೆ, ಅದನ್ನು ಹಾಗೇ ಅಣಕಿಸಿ ಬಾಯಿಂದ ಹೊರಗೆ ಹಾಕುವವರೆಗೆ ನನಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ನಾನು ಕೆಲಸ ಮಾಡುವ ತಾಂಡ್ಯದ ಕಾರ್ಖಾನೆಯಲ್ಲಿ ನಮ್ಮ ಸೂಪರ್‌ವೈಸರ್ ರಜೆ ಹಾಕಿದ ದಿನವೂ ಅವರ ಬೈಗುಳ ಷೆಡ್ಡಿನಲ್ಲಿ ಕೇಳಿಸುತ್ತದೆ. ಸಂಬಳ ಮಾತ್ರ ಅವರಿಗೆ.

ನಂಜನಗೂಡಿನ ನಮ್ಮ ಮನೆಯ ಉಗ್ರಾಣದ ಕಿಟಕಿಗೆ ಗೋಣಿತಾಟು ಕಟ್ಟಿ, ಅಕ್ಕ ತನ್ನ ಪಿಎಚ್.ಡಿ.ಗಾಗಿ ಗವಿಯ ಸಾವಿರಕಾಲಿನ ಹುಳಗಳನ್ನು ಸಾಕಿದ್ದಳು. ಅವುಗಳ ಕಾಲಿಗೆ ಒಂದು ಜಾತಿಯ ಬೂಷ್ಟು ಹಿಡಿಯುತ್ತದೆ. ಭೂತಗನ್ನಡಿಯಲ್ಲಿ ಸಣ್ಣ ಹಳದಿ ಕೂದಲಿನಂತೆ ಕಾಣುತ್ತದೆ. ಹುಳವನ್ನು ಕೊಲ್ಲದೆ, ಬಿಟ್ಟೂ ಹೋಗದೆ, ಅದರ ಮೈಯಲ್ಲೇ ಉಂಡುಕೊಂಡಿರುತ್ತದಂತೆ. ಅಕ್ಕ ಇದನ್ನು ವಿವರಿಸುವಾಗ ಅಮ್ಮ ಯಾಕೋ ನನ್ನ ಕಡೆಯೇ ನೋಡುತ್ತಿದ್ದರು. ಮೈಗೆ ಮೈ ತಾಗದೆ, ಬರೀ ಮಣ್ಣಿನಿಂದ ಬೂಷ್ಟು ಇನ್ನೊಂದು ಹುಳಕ್ಕೆ ದಾಟುತ್ತದೆಯೇ ಎನ್ನುವುದು ಅವಳ ಪ್ರಶ್ನೆ. ಅದಕ್ಕೇ ಬೂಷ್ಟಿನವು ಒಂದು ಡಬ್ಬಿ, ಬೂಷ್ಟಿಲ್ಲದವು ಇನ್ನೊಂದು ಡಬ್ಬಿ. ಒಂದು ಮಧ್ಯಾಹ್ನ ಕಾರ್ಖಾನೆಯ ಆಫೀಸಿನ ಫೋನಿನಿಂದ, ಮೈಸೂರಿನಲ್ಲಿರುವ ಅವಳ ಗೈಡಿನ ದನಿಯಲ್ಲಿ, ಹುಳಗಳಿಗೆ ಬೇಜಾರಾಗಿರುತ್ತದೆ, ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಮ್ಮ ಎಂದೆ. ನಗುತ್ತಾಳೆ ಎಂದುಕೊಂಡಿದ್ದೆ. ಮನೆಯಲ್ಲಿ ಯಾರ ಮಾತನ್ನೂ ಒಂದೇ ಸಲಕ್ಕೆ ಕೇಳದ ಅಕ್ಕ, "ಆಗ್ಲಿ ಸರ್" ಎಂದವಳೇ ಹಾಗೇ ಮಾಡಿಬಿಟ್ಟಳು.

ಸಂಜೆ ನಿಜ ಹೇಳಿದಾಗ ಅವಳು ಬೈಯಲಿಲ್ಲ. ಡಬ್ಬಿ ನೋಡುತ್ತಾ, "ಮೊದ್ಲಿಂದ ಶುರು ಮಾಡ್ಬೇಕು ಕಣೋ. ಸರ್ ಬಿಡ್ತಾರೋ ಇಲ್ವೋ" ಎಂದಳು. ಬೈದಿದ್ದರೆ ಅಣಕಿಸಿ ಪಾರಾಗುತ್ತಿದ್ದೆ. ಈ ದನಿ ನನ್ನ ಬಾಯಿಗೆ ಬರಲಿಲ್ಲ.

ಬೂಷ್ಟಿಲ್ಲದ ಹೊಸ ಹುಳಗಳನ್ನು ನಾನೇ ಹುಡುಕಿ ತರುತ್ತೇನೆಂದು ಹಟ ಹಿಡಿದೆ. ವಾರದ ರಜೆ ಬಂದಾಗಲೆಲ್ಲ ತಿ. ನರಸೀಪುರದ ಬಸ್ಸು, ಅಲ್ಲಿಂದಾಚೆ ಗುಡ್ಡದ ಗವಿ. ಬಾವಲಿ ಹಿಕ್ಕೆಯ ಮೇಲೆ ತೆವಳಿ, ಒಂದೊಂದು ಹುಳದ ಒಂದೊಂದು ಕಾಲನ್ನೂ ಭೂತಗನ್ನಡಿಯಲ್ಲಿ ನೋಡುವುದು; ಬೂಷ್ಟಿದ್ದರೆ ಅಲ್ಲೇ ಬಿಡುವುದು. ಸಾವಿರಕಾಲು ಎಂದು ಹೆಸರಿಟ್ಟವರು ಎಣಿಸಿರಲಿಕ್ಕಿಲ್ಲ, ಆದರೆ ಕಾಲು ನೋಡುತ್ತಾ ಕೂತವನಿಗೆ ಅದೂ ಕಡಿಮೆಯೆನಿಸುತ್ತದೆ. ವಾಪಸು ಬರುವಾಗ ನನ್ನ ವಾಸನೆಗೆ ಪಕ್ಕದ ಸೀಟು ಸದಾ ಖಾಲಿ. ಕಂಡಕ್ಟರ್ ದೂರದಿಂದಲೇ ಟಿಕೆಟ್ ಚಾಚಿ, "ಅದ್ಯಾವ ಕೆಲ್ಸ ಮಾಡೀರಿ ಸಾ?" ಎಂದ. ಅವನನ್ನು ಅಣಕಿಸಲೂ ತ್ರಾಣವಿರಲಿಲ್ಲ. ಅಂತೂ ಬೂಷ್ಟಿಲ್ಲದವು ಒಂದು ಡಬ್ಬಿಯಾದವು.

ಅದನ್ನು ಹಿಡಿದು ಅಕ್ಕನ ಹಿಂದೆ ಮೈಸೂರಿಗೆ ಹೋದೆ. ಗೈಡಿನ ಮುಂದೆ ನನ್ನ ಸ್ವಂತ ದನಿಯಲ್ಲಿ ಎಲ್ಲವನ್ನೂ ಒಪ್ಪಿಸಿ, ಅವಳದೇನೂ ತಪ್ಪಿಲ್ಲ, ಬೈಯುವುದಿದ್ದರೆ ನನ್ನನ್ನು ಬೈಯಿರಿ ಎಂದು ತಲೆತಗ್ಗಿಸಿದೆ. ಅವರು ಹುಳಗಳನ್ನು ನಿಧಾನವಾಗಿ ನೋಡಿ, ಮತ್ತೆ ಶುರುಮಾಡಮ್ಮ ಎಂದು ಡಬ್ಬಿಯನ್ನು ಅಕ್ಕನ ಕೈಗೆ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ನನ್ನ ದನಿ ನಿಂಗೆ ಬರುತ್ತಲ್ಲಪ್ಪ, ಅದ್ರಲ್ಲಿ ನೀನೇ ಬೈಕೊಂಡು ಹೋಗು. ನಂಗೆ ಕ್ಲಾಸಿದೆ."